ಹಾರದ ಜೊತೆ ಕಥೆಯೂ ಬೇಕು

ನಾನು ಭಾಲ್ಕಿ ಕಡೆಯವನು. ಈಗ ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಪುಣೆಯಲ್ಲಿ. ದಾರಿ ಮಾಡಿಕೊಟ್ಟ ಹಿರಿಯರನ್ನು ಇಲ್ಲಿಯ ಜನ ನೆನೆಯುವ ರೀತಿ ನೋಡಿದಾಗೆಲ್ಲ ನನಗೆ ಬೀದರ್ ಜಿಲ್ಲೆಯ ಚಿಂತೆ ಹತ್ತುತ್ತದೆ.

ಜನವರಿ 3 ಸಾವಿತ್ರಿಬಾಯಿ ಫುಲೆ ಹುಟ್ಟಿದ ದಿನ. ಅಂದು ಇಲ್ಲಿಯ ಶಾಲೆಗಳಿಗೆ ಪುಟ್ಟ ಹುಡುಗಿಯರು ಸೀರೆ ಉಟ್ಟುಕೊಂಡು ಬರುತ್ತಾರೆ. 1848ರಲ್ಲಿ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು ಅವರಿಗೆ ಗೊತ್ತು. ಪಾಠ ಹೇಳಲು ಹೊರಟವಳ ಮೇಲೆ ಜನ ಸಗಣಿ ಎಸೆದದ್ದು, ಆಕೆ ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದದ್ದು ಕೂಡ ಗೊತ್ತು. ಸಾತಾರಾ ಕಡೆ ಹೋದರೆ ಭಾವುರಾವ್ ಪಾಟೀಲರ ಕಥೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದವರು. ಹಾಸ್ಟೆಲ್ ಹುಡುಗರ ಊಟಕ್ಕಾಗಿ ಅವರ ಹೆಂಡತಿ ಲಕ್ಷ್ಮೀಬಾಯಿ ಮೈಮೇಲಿನ ಬಂಗಾರ ಬಿಚ್ಚಿಕೊಟ್ಟರು. ಇದನ್ನು ಅಲ್ಲಿಯವರು ಮನೆಯ ಅಜ್ಜಿಯ ಮಾತಿನಂತೆ ಹೇಳುತ್ತಾರೆ. ಇಲ್ಲಿ ಹಿರಿಯರ ಹೆಸರಿನ ಜೊತೆ ಅವರು ಪಟ್ಟ ಕಷ್ಟವೂ ಉಳಿದಿದೆ.

ನಮ್ಮಲ್ಲಿ ಇಂಥ ಕಥೆಗೆ ಬರವೇ? ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರನ್ನೇ ನೋಡಿ. ನಿಜಾಮರ ಕಾಲದಲ್ಲಿ ಸರ್ಕಾರದ ಓದು ಉರ್ದುವಿನಲ್ಲಿ. ಕನ್ನಡ ಶಾಲೆ ನಡೆಸುವುದೆಂದರೆ ಅಧಿಕಾರಿಗಳ ಕಣ್ಣು ಬೀಳುವ ಕೆಲಸ. ಅಂಥ ದಿನಗಳಲ್ಲಿ ಅವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಶಾಲೆ ನಡೆಯಲಿ, ಮಕ್ಕಳ ಹೊಟ್ಟೆ ತುಂಬಲಿ ಎಂದು ಜೋಳಿಗೆ ಹಿಡಿದು ಊರೂರು ತಿರುಗಿದರು. ಉರ್ದು ಮೇಲೆ ಸಿಟ್ಟಿನ ಮಾತಲ್ಲ ಇದು. ಉರ್ದು ನಮ್ಮೂರಿನ ಭಾಷೆಯೇ, ನಾನೂ ಅದನ್ನು ಆಡಿಕೊಂಡೇ ಬೆಳೆದವನು. ಮನೆಯಲ್ಲಿ ಆಡುವ ಮಾತಿನಲ್ಲಿ ಅಕ್ಷರ ಕಲಿಯಲಿ ಎಂಬುದಷ್ಟೇ ಅವರ ಹಟ.

ಬೀದರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಆದರೆ ಅಲ್ಲಿ ನಾಟಕ ನೋಡಲು ಬರುವ ಹುಡುಗರಲ್ಲಿ ಆ ಬೋರ್ಡಿನ ಕಥೆ ಎಷ್ಟು ಜನರಿಗೆ ಗೊತ್ತು? ಭಾಲ್ಕಿ ದಾಟಿ ಯಾದಗಿರಿ ಕಡೆ ಹೋದರಂತೂ ಕೇಳಲೇಬೇಡಿ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ನಮ್ಮ ರೀತಿಯಲ್ಲೂ ದೊಡ್ಡದೊಂದಿದೆ, ಅದನ್ನು ಹೇಳಲೇಬೇಕು. ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹ ನಡೆದುಕೊಂಡು ಬಂದಿದೆ. ಅದೇ ಮಠದ ದೊಡ್ಡಪ್ಪ ಅಪ್ಪ ಅವರು ಹೆಣ್ಣುಮಕ್ಕಳಿಗೂ ಶಾಲೆ ತೆರೆದರು. ಉಂಡವನು ಇನ್ನೊಬ್ಬರಿಗೆ ಉಣಿಸಬೇಕು, ಕಲಿತವನು ಇನ್ನೊಬ್ಬರಿಗೆ ಕಲಿಸಬೇಕು. ನಮ್ಮ ಕಡೆ ಋಣ ತೀರಿಸುವುದು ಹೀಗೆ. ಹಾಗಾಗಿಯೇ ಏನೋ, ಮೊದಲು ಉಣಿಸಿದವರು ಯಾರು ಅಂತ ಕೇಳುವ ರೂಢಿ ನಮ್ಮಲ್ಲಿ ಕಡಿಮೆ.

ಸೆಪ್ಟೆಂಬರ್ 17 ಮರಾಠವಾಡಾಕ್ಕೂ ನಮಗೂ ಒಂದೇ ದಿನ. 1948ರಲ್ಲಿ ಎರಡೂ ಕಡೆ ನಿಜಾಮರ ಆಳ್ವಿಕೆ ಮುಗಿಯಿತು. ಅಂದು ನಮ್ಮ ಶಾಲೆಗಳಲ್ಲಿ ಪಟ್ಟದ್ದೇವರ ಕಥೆಯನ್ನು ಮಕ್ಕಳೇ ಆಡಿ ತೋರಿಸಲಿ. ನಮ್ಮ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡಿಸಿದ ಸಂವಿಧಾನದ 371 ಜೆ ಕಲಂಗಾಗಿ ವರ್ಷಗಟ್ಟಲೆ ಹೋರಾಡಿದ ಚಿಂಚೋಳಿಯ ವೈಜನಾಥ ಪಾಟೀಲರ ಮಾತೂ ಬರಲಿ. ಇವತ್ತು ಆ ಮೀಸಲಾತಿಯಲ್ಲಿ ಮೆಡಿಕಲ್ ಸೀಟು ಸಿಕ್ಕ ಹುಡುಗಿಗೆ, ಇದು ಸುಮ್ನೆ ಬಂದದ್ದಲ್ಲ ಅಂತ ಯಾರಾದರೂ ಹೇಳಬೇಕು ಅಲ್ವಾ?

ಇನ್ನೊಂದು ಕೆಲಸಕ್ಕೆ ಜಾಸ್ತಿ ಸಮಯ ಉಳಿದಿಲ್ಲ. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಅಂಥ ಅಜ್ಜ ಅಜ್ಜಿ ನಿಮ್ಮ ಓಣಿಯಲ್ಲಿದ್ದರೆ ಈ ದೀಪಾವಳಿ ರಜೆಯಲ್ಲೇ ಹೋಗಿ ಕೂಡಿ. ಮೊದಲ ಅಕ್ಷರ ಬರೆಸಿದವರು ಯಾರು, ಎಲ್ಲಿ ಕೂತು ಕಲಿತಿರಿ, ಮೇಷ್ಟ್ರಿಗೆ ಊಟ ಯಾರ ಮನೆಯಿಂದ ಬರುತ್ತಿತ್ತು ಎಂದು ಕೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಊರಿನ ಶಾಲೆಗೆ ಒಂದು ಪ್ರತಿ ಕೊಡಿ.