ಕ್ಲೀನರ್ ತಟ್ಟಿದ ಸದ್ದಿಗೆ ಪೇಟೆಂಟ್ ಕೊಡಬಹುದೇ?

ನನ್ನ ಸೋದರಮಾವ ತಿಪಟೂರಿನಿಂದ ಕೊಬ್ಬರಿ ಲೋಡು ಹಾಕಿಕೊಂಡು ಹೋಗುವ ಲಾರಿ ಓಡಿಸುತ್ತಿದ್ದರು. ಬೇಸಿಗೆ ರಜೆಯಲ್ಲಿ ಹಠ ಮಾಡಿ ನಾನೂ ಕ್ಯಾಬಿನ್ನಿನಲ್ಲಿ ಕೂತು ಹಿರಿಯೂರಿನವರೆಗೆ ಹೋಗಿ, ಅಲ್ಲಿ ನೆಂಟರ ಮನೆಯ ಹತ್ತಿರ ಇಳಿದುಕೊಳ್ಳುತ್ತಿದ್ದೆ. ಲಾರಿ ರಿವರ್ಸ್ ಬರುವಾಗ ಕ್ಲೀನರ್ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತ ಅಂಗೈಯಿಂದ ಲಾರಿಯ ಮೈ ತಟ್ಟುತ್ತಿದ್ದ. ಎರಡು ಸಲ ತಟ್ಟಿದರೆ ಹೋಗಬಹುದು, ಒಂದೇ ಸಲ ಜೋರಾಗಿ ಬಡಿದರೆ ನಿಲ್ಲಬೇಕು. ಮಾವನ ಹತ್ತಿರ ಮೊದಲು ಇದ್ದ ಕ್ಲೀನರ್ ಹುಡುಗ ಎಲ್ಲದಕ್ಕೂ ಕೂಗುತ್ತಿದ್ದ: ಎದುರಿಗೆ ಸೈಕಲ್ ಬಂದರೂ ಕೂಗು, ದೂರದಲ್ಲಿ ನಾಯಿ ಕಂಡರೂ ಕೂಗು. "ಸುಮ್ನೆ ಕೂತ್ಕೊಳೋ" ಎಂದು ಗದರುತ್ತಲೇ ಮಾವ ಅವನ ಮಾತಿಗೆ ಕಿವಿಗೊಡುವುದನ್ನೇ ಬಿಟ್ಟರು. ಆಮೇಲೆ ಬಂದವನು ಮಾತೇ ಆಡುತ್ತಿರಲಿಲ್ಲ. "ಅವ್ನು ತಟ್ಟಿದ ಅಂದ್ರೆ ಬ್ರೇಕ್ ಮೇಲೆ ಕಾಲು ತಾನಾಗೇ ಹೋಗುತ್ತೆ ಕಣೋ" ಎಂದು ಮಾವ ಹೇಳಿದ್ದು ಮೂವತ್ತು ವರ್ಷವಾದರೂ ನೆನಪಿದೆ.

ಈಗ ನಾನು ಮ್ಯೂನಿಕ್‌ನಲ್ಲಿ, ವಾಹನದ ಬಿಡಿಭಾಗ ಮಾಡುವ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿದ್ದೇನೆ. ಬರುವ ಮೊದಲು ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುತ್ತಿದ್ದೆ. ಚಾಲಕ ತೂಕಡಿಸಿದರೆ, ಲೇನ್ ಬಿಟ್ಟು ಸರಿದರೆ, ಮುಂದಿನ ಗಾಡಿಗೆ ತೀರಾ ಹತ್ತಿರ ಹೋದರೆ ಎಚ್ಚರಿಸುವ ವ್ಯವಸ್ಥೆಗಳಿಗೆ ಅರ್ಜಿ ಬರೆಯುವುದು, ಪೇಟೆಂಟ್ ಕಚೇರಿಯ ಪರೀಕ್ಷಕರ ಆಕ್ಷೇಪಣೆಗೆ ಉತ್ತರ ಕೊಡುವುದು ನನ್ನ ಕೆಲಸ. ಅಂದರೆ ದಿನಾ ಬೆಳಗಾದರೆ ಮಾವನ ಆ ಎರಡನೇ ಕ್ಲೀನರ್‌ನ ಕೈ ತಟ್ಟನ್ನು ಕಾನೂನಿನ ಭಾಷೆಗೆ ಇಳಿಸುತ್ತಿರುತ್ತೇನೆ. ಎರಡೂ ಊರಿನ ಪದ್ಧತಿಯನ್ನು ಹತ್ತಿರದಿಂದ ಕಂಡ ಮೇಲೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಎಚ್ಚರಿಕೆ ವ್ಯವಸ್ಥೆಯಲ್ಲಿ ನಿಜವಾದ ಬುದ್ಧಿವಂತಿಕೆ ಇರುವುದು ಅದು ಯಾವಾಗ ಸುಮ್ಮನಿರುತ್ತದೆ ಎಂಬುದರಲ್ಲಿ. ಅದನ್ನು ಅಳೆಯುವ ಕೋಲು ಇಲ್ಲೂ ಇನ್ನೂ ಸರಿಯಾಗಿಲ್ಲ, ಅಲ್ಲೂ ಇಲ್ಲ.

ಮೊದಲು ಬಾಗಿಲಿನ ಮಾತು. ಯುರೋಪಿಯನ್ ಪೇಟೆಂಟ್ ಒಪ್ಪಂದದ 52ನೇ ವಿಧಿ ಯಾವುದಕ್ಕೆ ಪೇಟೆಂಟ್ ಇಲ್ಲ ಎಂದು ಪಟ್ಟಿ ಕೊಡುತ್ತದೆ. ಗಣಿತದ ವಿಧಾನ, ಕಂಪ್ಯೂಟರ್ ಪ್ರೋಗ್ರಾಮು, ಮಾಹಿತಿಯ ಮಂಡನೆ (ಅಂದರೆ ಮಾಹಿತಿಯನ್ನು ತೋರಿಸುವ, ತಿಳಿಸುವ ರೀತಿ) ಎಲ್ಲ ಅದರಲ್ಲಿವೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನಲ್ಲೂ ಹೆಚ್ಚುಕಡಿಮೆ ಅದೇ ಪಟ್ಟಿ ಇದೆ. 'ಕೆ' ಉಪಖಂಡದಲ್ಲಿ ಪ್ರೋಗ್ರಾಮು, 'ಎನ್' ಉಪಖಂಡದಲ್ಲಿ ಮಾಹಿತಿಯ ಮಂಡನೆ. ಮೇಲ್ನೋಟಕ್ಕೆ ಅಣ್ಣ ತಮ್ಮ. ಆದರೆ ಯುರೋಪಿನ ವಿಧಿ ಕೊನೆಗೆ ಒಂದು ಮಾತು ಸೇರಿಸುತ್ತದೆ: ಅರ್ಜಿ ಬರೀ ಅದಷ್ಟೇ ಆಗಿದ್ದರೆ ಮಾತ್ರ ಈ ನಿಷೇಧ. ಆ ಮಾತು ಪಟ್ಟಿಯ ಎಲ್ಲಕ್ಕೂ ಅನ್ವಯ. ನಮ್ಮಲ್ಲಿ ಅಂಥ ಸಡಿಲಿಕೆಯ ಮಾತು ಸಿಕ್ಕಿರುವುದು 'ಕೆ'ಯೊಳಗಿನ ಕಂಪ್ಯೂಟರ್ ಪ್ರೋಗ್ರಾಮಿಗೆ. 'ಎನ್' ಉಪಖಂಡ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಮಾಹಿತಿಯ ಮಂಡನೆ, ಅಷ್ಟೇ.

ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ದೀಪ ಮಾಹಿತಿಯ ಮಂಡನೆಯೇ? ಹಾಗೆ ನೋಡಿದರೆ ಹೌದು. ಸೀಟಿನ ಎಡಗಡೆ ಅದುರಿದರೆ? ಸಿಟ್ರೋಯೆನ್ 2004ರಲ್ಲೇ ಇದನ್ನು ತಂದಿತ್ತು. ಗಾಡಿ ಯಾವ ಕಡೆಯ ಗೆರೆ ದಾಟುತ್ತದೋ ಸೀಟು ಅದೇ ಕಡೆ ನಡುಗುತ್ತಿತ್ತು. ಚಾಲಕ ಏನನ್ನೂ ಓದಬೇಕಿಲ್ಲ, ತೊಡೆಗೆ ಗೊತ್ತಾಗಿಬಿಡುತ್ತದೆ. ಅದನ್ನೂ ಮಾಹಿತಿ ಎನ್ನುವುದಾದರೆ ಕೆಂಡ ಮುಟ್ಟಿ ಕೈ ಹಿಂದೆಗೆಯುವುದೂ ಮಾಹಿತಿಯೇ. ಭಾರತದ ಪರೀಕ್ಷಕರು ತಾಂತ್ರಿಕ ಪರಿಣಾಮ ತೋರಿಸಿದರೆ ಒಪ್ಪಿಕೊಳ್ಳುವುದು ಉಂಟು. ನ್ಯಾಯಾಲಯವೂ ದಾರಿ ತೋರಿಸಿದೆ. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ 2019ರ ಡಿಸೆಂಬರಿನಲ್ಲಿ ದಿಲ್ಲಿ ಹೈಕೋರ್ಟು, ಕಾರಿನಿಂದ ಬಟ್ಟೆ ಒಗೆಯುವ ಯಂತ್ರದವರೆಗೆ ಎಲ್ಲದರೊಳಗೂ ಪ್ರೋಗ್ರಾಮು ಇರುವ ಕಾಲದಲ್ಲಿ ಪ್ರೋಗ್ರಾಮು ಇದೆ ಎಂಬ ಒಂದೇ ಕಾರಣಕ್ಕೆ ಬಾಗಿಲು ಹಾಕಬಾರದು ಎಂಬ ಅರ್ಥದಲ್ಲಿ ಹೇಳಿತು. ಆದರೆ ಅದು 'ಕೆ'ಯ ಮಾತು. 'ಎನ್'ಗೂ ಅಷ್ಟೇ ಬಿಡಿಸಿ ಹೇಳಿದ ಮಾತು ಕಾಯ್ದೆಯೊಳಗೇ ಬರಬೇಕು. ನನ್ನ ಮೊದಲ ಕೋರಿಕೆ ಅದು.

ಮ್ಯೂನಿಕ್‌ನಲ್ಲಿ ಇರುವ ಯುರೋಪಿಯನ್ ಪೇಟೆಂಟ್ ಕಚೇರಿಯ ಬಾಗಿಲು ದಾಟುವುದು ಸುಲಭ, ಪಡಸಾಲೆಯಲ್ಲಿ ಕಷ್ಟ. ಕ್ಲೇಮಿನಲ್ಲಿ, ಅಂದರೆ ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ವಾಕ್ಯದಲ್ಲಿ, ಒಂದು ಕ್ಯಾಮೆರಾ, ಒಂದು ಪ್ರೊಸೆಸರ್ ಇದ್ದರೆ ಸಾಕು, ಒಳಗೆ ಬಿಡುತ್ತಾರೆ. ಆಮೇಲೆ ಒಂದೊಂದು ಅಂಶವನ್ನೂ ಹಿಡಿದು, ಇದು ತಾಂತ್ರಿಕ ಸಮಸ್ಯೆಯೊಂದನ್ನು ಬಿಡಿಸಲು ಏನು ಕೊಟ್ಟಿದೆ ಎಂದು ಕೇಳುತ್ತಾರೆ. ಏನೂ ಕೊಡದ ಅಂಶವನ್ನು ಆವಿಷ್ಕಾರದ ಲೆಕ್ಕದಿಂದ ತೆಗೆದಿಡುತ್ತಾರೆ. ಯಂತ್ರದ ಸ್ಥಿತಿಯನ್ನು ತಾನಾಗಿ ತೋರಿಸುವುದು ತಾಂತ್ರಿಕ ಸಮಸ್ಯೆಯೇ ಎಂದು ಅಲ್ಲಿನ ಮೇಲ್ಮನವಿ ಮಂಡಳಿ 1988ರಲ್ಲೇ ಹೇಳಿತ್ತು. ಈಗಿನ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೋರಿಸಿದ ವಿಷಯ ಮನುಷ್ಯನೊಬ್ಬ ತಾಂತ್ರಿಕ ಕೆಲಸ ಮಾಡಲು ನೆರವಾಗುತ್ತದೆ ಎಂದು ನಂಬಬಹುದೇ, ಯಂತ್ರ ಮತ್ತು ಮನುಷ್ಯ ಒಬ್ಬರಿಗೊಬ್ಬರು ಸ್ಪಂದಿಸುತ್ತ ಮುಂದುವರಿಯುತ್ತಾರೆಯೇ ಎಂದು ನೋಡುತ್ತದೆ. ಗಾಡಿ ಓಡಿಸುವುದಕ್ಕಿಂತ ಒಳ್ಳೆಯ ಉದಾಹರಣೆ ಇದಕ್ಕೆ ಬೇರೆ ಬೇಕಿಲ್ಲ.

ನನ್ನ ಮೊದಲ ಮೌಖಿಕ ವಿಚಾರಣೆ ಚೆನ್ನಾಗಿ ನೆನಪಿದೆ. ಮೂವರು ಪರೀಕ್ಷಕರು ಎದುರಿಗೆ. ನಮ್ಮ ವಕೀಲರು ಇಪ್ಪತ್ತು ನಿಮಿಷ ವಿವರಿಸಿದ ಮೇಲೆ, ಅಲ್ಲಿಯವರೆಗೆ ಸುಮ್ಮನೆ ಬರೆದುಕೊಳ್ಳುತ್ತಿದ್ದ ಒಬ್ಬ ಪರೀಕ್ಷಕಿ ತಲೆಯೆತ್ತಿ ಕೇಳಿದರು: "ದೀಪ ಹೊತ್ತಿತು. ಚಾಲಕ ಅದನ್ನು ನೋಡಲೇ ಇಲ್ಲ. ಆಗ ನಿಮ್ಮ ಆವಿಷ್ಕಾರದಲ್ಲಿ ಏನು ಉಳಿಯಿತು?" ಕೋಣೆ ನಿಶ್ಶಬ್ದವಾಯಿತು. ಬ್ರೇಕು ತಾನಾಗಿ ಹಾಕುವ ವ್ಯವಸ್ಥೆಗೆ ಈ ಪ್ರಶ್ನೆ ಬರುವುದಿಲ್ಲ. ಅಲ್ಲಿ ಸೆನ್ಸರಿನಿಂದ ಚಕ್ರದವರೆಗೆ ಸರಪಳಿ ತುಂಡಾಗದೆ ಹೋಗುತ್ತದೆ. ಎಚ್ಚರಿಕೆ ವ್ಯವಸ್ಥೆಯಲ್ಲಿ ಸರಪಳಿಯ ಒಂದು ಕೊಂಡಿ ಮನುಷ್ಯನ ತಲೆಯೊಳಗಿದೆ. ಆ ಕೊಂಡಿಯ ಮೇಲೆ ನಿಂತ ಪರಿಣಾಮವನ್ನು ಲೆಕ್ಕಕ್ಕೆ ತಗೊಳ್ಳಬೇಕೋ ಬೇಡವೋ ಎಂಬುದೇ ಇಲ್ಲಿನ ಎಲ್ಲ ವಾದಗಳ ತಿರುಳು. ಅವತ್ತು ನಾವು ಕ್ಲೇಮನ್ನು ಕಿರಿದು ಮಾಡಿಕೊಂಡು ಹೊರಬಂದೆವು. ನನಗೆ ಬೇಸರವಾಗಲಿಲ್ಲ. ಒಂದು ಪ್ರಶ್ನೆಗೆ ಎದುರಾಗಿ ಕೂತು ಉತ್ತರ ಹುಡುಕಿದೆವಲ್ಲ ಎಂಬ ತೃಪ್ತಿ ಇತ್ತು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಊರಿನಲ್ಲಿ. ಮುಂದಿನ ರಜೆಗೆ ಬಂದಾಗ ವಿಮಾನ ನಿಲ್ದಾಣದಿಂದ ತಿಪಟೂರಿಗೆ ಟ್ಯಾಕ್ಸಿ ಮಾಡಿದ್ದೆ. ಚಾಲಕ ಬೆಲ್ಟ್ ಹಾಕಿಕೊಂಡಿರಲಿಲ್ಲ, ಗಾಡಿ ಕೂಗುತ್ತಲೂ ಇರಲಿಲ್ಲ. ಬಗ್ಗಿ ನೋಡಿದರೆ ಬಕಲಿನೊಳಗೆ ಒಂದು ಕಬ್ಬಿಣದ ಕ್ಲಿಪ್ಪು ಸಿಕ್ಕಿಸಿದ್ದ. ಬೆಲ್ಟಿನ ನಾಲಿಗೆಯದೇ ಆಕಾರ, ಆದರೆ ಬೆಲ್ಟಿಲ್ಲ. "ಕಿರಿಕಿರಿ ಸರ್ ಅದು, ತಲೆ ಕೆಡುತ್ತೆ. ಆನ್‌ಲೈನಲ್ಲಿ ಸಿಗುತ್ತೆ" ಎಂದ. ಸಿಗುತ್ತಿದ್ದದ್ದು ನಿಜ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶ ಕೊಟ್ಟು ಇಂಥ ಕ್ಲಿಪ್ಪುಗಳ 13,118 ಮಾರಾಟದ ನಮೂದುಗಳನ್ನು ತೆಗೆಸಿತು. ಹದಿಮೂರು ಸಾವಿರ! 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಬೆಲ್ಟ್ ಎಚ್ಚರಿಕೆ, 80 ದಾಟಿದರೆ ಆಗಾಗ, 120 ದಾಟಿದರೆ ಎಡೆಬಿಡದೆ ಕೂಗುವ ವೇಗದ ಎಚ್ಚರಿಕೆ ಎಲ್ಲ ಕಡ್ಡಾಯವಾದವು. ಸದ್ದು ಕಡ್ಡಾಯವಾಯಿತು, ಸದ್ದು ಅಡಗಿಸುವ ಸರಕೂ ಮಾರುಕಟ್ಟೆಯಲ್ಲಿ ಸಿಗುತ್ತಿತ್ತು.

ಇದು ನಮ್ಮವರ ಶಿಸ್ತಿನ ಕೊರತೆ ಎಂದು ಬಹಳ ಜನ ಮುಗಿಸಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಯುರೋಪಿನಲ್ಲಿ 2024ರ ಜುಲೈಯಿಂದ ನೋಂದಣಿಯಾಗುವ ಪ್ರತಿ ಹೊಸ ಕಾರಿನಲ್ಲೂ ವೇಗಮಿತಿ ಎಚ್ಚರಿಕೆ ಇರಲೇಬೇಕು. ಬೇಡವೆಂದರೆ ಆಫ್ ಮಾಡಬಹುದು, ಆದರೆ ಮತ್ತೆ ಗಾಡಿ ಶುರು ಮಾಡಿದಾಗ ತಾನಾಗಿ ಹತ್ತಿಕೊಳ್ಳಬೇಕು. ನನ್ನ ಸಹೋದ್ಯೋಗಿಗಳಲ್ಲಿ ಅನೇಕರು, ಇಂಥ ವ್ಯವಸ್ಥೆಗಳನ್ನು ಕಟ್ಟುವ ಎಂಜಿನಿಯರುಗಳೇ, ಬೆಳಗ್ಗೆ ಕೂತ ತಕ್ಷಣ ಬೆಲ್ಟ್ ಹಾಕಿಕೊಂಡು ಮಾಡುವ ಎರಡನೇ ಕೆಲಸ ಅದನ್ನು ಆರಿಸುವುದು. ರಸ್ತೆಬದಿಯ ಹಳೆಯ ವೇಗಮಿತಿ ಫಲಕವನ್ನು ಅದು ತಪ್ಪಾಗಿ ಓದಿ ನಾಲ್ಕು ಸಲ ಸುಮ್ಮಸುಮ್ಮನೆ ಕೂಗಿದರೆ ಐದನೆಯ ನಿಜವಾದ ಕೂಗನ್ನು ಯಾರೂ ಕೇಳುವುದಿಲ್ಲ. ಮಾವನ ಮೊದಲ ಕ್ಲೀನರ್‌ಗೆ ಆದದ್ದೇ ಇದಕ್ಕೂ ಆಗುತ್ತದೆ.

ಮ್ಯೂನಿಕ್ ಪದ್ಧತಿಯ ಬಗ್ಗೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ. "ನಮ್ಮ ವ್ಯವಸ್ಥೆ ಚಾಲಕನಿಗೆ ಕಿರಿಕಿರಿ ಕಡಿಮೆ ಮಾಡುತ್ತದೆ" ಎಂದು ಬರೆದರೆ, ಕಿರಿಕಿರಿ ಮನಸ್ಸಿನ ವಿಷಯ, ಬಳಕೆದಾರನ ಇಷ್ಟಾನಿಷ್ಟ, ಅದು ತಾಂತ್ರಿಕ ಪರಿಣಾಮವಲ್ಲ ಎನ್ನುವ ಕಡೆಗೆ ವಾದ ವಾಲುತ್ತದೆ. ಪರದೆಯ ಮೇಲಿನ ಚಿತ್ರಗಳ ಜೋಡಣೆಯ ಬಗ್ಗೆ ಬಂದ ತೀರ್ಪುಗಳಲ್ಲಿ ಆ ಮಾತಿಗೆ ಅರ್ಥವಿದೆ. ಕಚೇರಿಯಲ್ಲಿ ಕೂತವನಿಗೆ ಪರದೆ ಹಿಡಿಸಲಿಲ್ಲ ಎಂದರೆ ಯಾರೂ ಸಾಯುವುದಿಲ್ಲ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನ ಕಿರಿಕಿರಿ ಬೇರೆ. ಅದರ ಫಲ ಬಕಲಿನೊಳಗೆ ಕಬ್ಬಿಣದ ತುಂಡಾಗಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ, ಎಣಿಸಿ 13,118 ಎಂದು ಬರೆಯಬಹುದು. ಚಾಲಕ ಕಿತ್ತುಹಾಕದ ಎಚ್ಚರಿಕೆಯನ್ನು ಕಟ್ಟುವುದು ಎಂಜಿನಿಯರಿಂಗ್ ಸಮಸ್ಯೆ. ಅದನ್ನು ಮನಸ್ಸಿನ ವಿಷಯ ಎಂದು ತೆಗೆದಿಟ್ಟರೆ ಈ ಕ್ಷೇತ್ರದ ಅತ್ಯಂತ ಕಷ್ಟದ ಕೆಲಸವನ್ನೇ ತೆಗೆದಿಟ್ಟಂತಾಯಿತು.

ಒಂದು ಒಳ್ಳೆಯ ಉದಾಹರಣೆ ಕೊಡುತ್ತೇನೆ. ಮರ್ಸಿಡಿಸ್ 2009ರಲ್ಲಿ ತಂದ ತೂಕಡಿಕೆ ಎಚ್ಚರಿಕೆಯಲ್ಲಿ ಕಣ್ಣು ನೋಡುವ ಕ್ಯಾಮೆರಾ ಇರಲಿಲ್ಲ. ಪ್ರಯಾಣದ ಮೊದಲ ನಿಮಿಷಗಳಲ್ಲಿ ಆ ಚಾಲಕ ಸ್ಟಿಯರಿಂಗ್ ಹಿಡಿಯುವ ರೀತಿಯನ್ನು ಕಲಿತುಕೊಂಡು, ಆಮೇಲೆ ಅವನನ್ನು ಅವನ ಜೊತೆಗೇ ಹೋಲಿಸುತ್ತಿತ್ತು. ನಿದ್ದೆ ಬರುವವನು ಕೆಲ ಕ್ಷಣ ಸ್ಟಿಯರಿಂಗ್ ಅಲುಗಿಸದೆ ಬಿಟ್ಟು, ತಟ್ಟನೆ ಎಚ್ಚೆತ್ತು ಜೋರಾಗಿ ತಿರುಗಿಸುತ್ತಾನೆ. ಆ ಗುರುತು ಸಿಕ್ಕರೆ ಒಂದು ಕಾಫಿ ಲೋಟದ ಚಿತ್ರ ಬರುತ್ತಿತ್ತು. ಲೋಟದ ಚಿತ್ರಕ್ಕೆ ಪೇಟೆಂಟ್ ಕೊಡಬೇಕಿಲ್ಲ. ಅಡ್ಡಗಾಳಿಗೆ, ರಸ್ತೆಯ ಗುಂಡಿಗೆ ಗಾಡಿ ವಾಲಿದ್ದನ್ನು ನಿದ್ದೆ ಎಂದು ತಪ್ಪು ತಿಳಿಯದೆ ಸುಮ್ಮನಿರುವುದಿದೆಯಲ್ಲ, ಪರೀಕ್ಷಕರು ತಕ್ಕಡಿಗೆ ಹಾಕಬೇಕಾದದ್ದು ಅದನ್ನು. ತಲೆ ವಾಲಿದರೆ ಕೂಗುವ, ಕಿವಿಗೆ ಸಿಕ್ಕಿಸಿಕೊಳ್ಳುವ ಸಾಧನ ಬಹಳ ಹಿಂದಿನಿಂದ ಇದೆ. ಅದು ಹಾಡಿಗೆ ತಲೆದೂಗಿದರೂ ಕೂಗುತ್ತದೆ.

ಭಾರತದ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶವಿದೆ. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಯುರೋಪಿನಲ್ಲಿ ಮೊದಲೇ ಟಿಪ್ಪಣಿ ಕಳಿಸಬಹುದಾದರೂ ಕಳಿಸಿದವರು ವಿಚಾರಣೆಯ ಪಕ್ಷವಾಗುವುದಿಲ್ಲ. ವಿರೋಧ ಹೂಡುವುದು ಪೇಟೆಂಟ್ ಕೊಟ್ಟ ಮೇಲಿನ ಒಂಬತ್ತು ತಿಂಗಳಲ್ಲಿ. ನಮ್ಮಲ್ಲಿ ಈ ಹಕ್ಕನ್ನು ಔಷಧಿಗಳ ವಿಷಯದಲ್ಲಿ ರೋಗಿಗಳ ಸಂಘಟನೆಗಳು ಗಟ್ಟಿಯಾಗಿ ಬಳಸಿವೆ. ವಾಹನದ ವಿಷಯದಲ್ಲಿ ಎಂಜಿನಿಯರಿಂಗ್ ಕಾಲೇಜುಗಳು, ಲಾರಿ ಮಾಲೀಕರ ಮತ್ತು ಚಾಲಕರ ಸಂಘಗಳು ಯಾಕೆ ಬಳಸಬಾರದು? ಇಪ್ಪತ್ತು ವರ್ಷದಿಂದ ನಮ್ಮ ಗ್ಯಾರೇಜುಗಳಲ್ಲಿ ನಡೆಯುತ್ತಿರುವ ಉಪಾಯವನ್ನು ಯಾರೋ ಹೊಸದೆಂದು ಬರೆದುಕೊಂಡರೆ, ಫೋಟೋ, ಬಿಲ್ಲು, ತಾರೀಕು ಹಿಡಿದು ಹೇಳಬಲ್ಲವರು ಅವರೇ.

ಇನ್ನು ನಮ್ಮವರ ಬರವಣಿಗೆಯ ಮಾತು. ಬೆಂಗಳೂರಿನಿಂದ ಬರುವ ಕರಡು ಅರ್ಜಿಗಳನ್ನು ಓದುವಾಗ ಒಂದು ನೋವಾಗುತ್ತದೆ. ಬರೆದವರು ದಿನಾ ಸಿಲ್ಕ್ ಬೋರ್ಡ್ ದಾಟಿ ಆಫೀಸಿಗೆ ಬರುವವರು. ಅವರ ಚಿತ್ರದಲ್ಲಿ ಮಾತ್ರ ಎರಡು ನೇರ ಬಿಳಿ ಗೆರೆ, ನಡುವೆ ಒಂದೇ ಕಾರು. ಗೆರೆಯಿಲ್ಲದ ರಸ್ತೆ, ಎಡದಿಂದ ನುಗ್ಗುವ ಬೈಕು, ಡಿವೈಡರ್ ಮೇಲೆ ಮಲಗಿದ ದನ, ಎದುರಿನಿಂದ ಬರುವ ಹೈಬೀಮ್, ಇವು ಯಾವುವೂ ಇಲ್ಲ. ಇವೆಲ್ಲದರ ನಡುವೆ ಸುಳ್ಳು ಕೂಗು ಕಡಿಮೆ ಮಾಡಿದ್ದರೆ ಆವಿಷ್ಕಾರದ ಹೆಜ್ಜೆ, ಅಂದರೆ ಪರಿಣತನಿಗೂ ಸುಲಭವಾಗಿ ಹೊಳೆಯದ ಹೊಸತನ, ಇರುವುದೇ ಅಲ್ಲಿ. ಮೊದಲ ದಿನ ಸಲ್ಲಿಸಿದ ಅರ್ಜಿಯಲ್ಲಿ ಇಲ್ಲದ ವಿಷಯವನ್ನು ಆಮೇಲೆ ಸೇರಿಸಲು ಚೆನ್ನೈ ಪೇಟೆಂಟ್ ಕಚೇರಿಯಲ್ಲೂ ಬಿಡುವುದಿಲ್ಲ, ಮ್ಯೂನಿಕ್‌ನಲ್ಲೂ ಬಿಡುವುದಿಲ್ಲ. ಹಿಯರಿಂಗಿಗೆ ಬಂದಾಗ "ಅದು ನಮಗೆ ಗೊತ್ತಿತ್ತು, ಬರೆಯಲಿಲ್ಲ" ಎಂದರೆ ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಬಂದ ಒಂದು ಕರಡಿನಲ್ಲಿ ಮೊದಲ ಸಲ ಬೇರೆ ಥರದ ಕೋಷ್ಟಕ ಕಂಡೆ. ಶಿರಾಡಿ ಘಾಟಿಯಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಓಡಿಸಿ ನೋಡಿದ ಲೆಕ್ಕ. ಪ್ರತಿ ಗಂಟೆಗೆ ಎಷ್ಟು ಸಲ ಕೂಗಿತು, ಅದರಲ್ಲಿ ಎಷ್ಟು ಬೇಕಿರಲಿಲ್ಲ, ಎಷ್ಟನೇ ದಿನ ಯಾವ ಚಾಲಕ ಅದನ್ನು ಆರಿಸಿಬಿಟ್ಟ, ಸುಧಾರಿಸಿದ ಮೇಲೆ ಎಷ್ಟು ದಿನ ಆರಿಸಲಿಲ್ಲ. ಒಂದೊಂದು ಸಾಲಿನ ಪಕ್ಕದಲ್ಲೂ ಚಾಲಕರು ಹೇಳಿದ ಮಾತನ್ನು ಕನ್ನಡದಲ್ಲೇ ಬರೆದುಕೊಂಡು ಕೆಳಗೆ ಅನುವಾದ ಕೊಟ್ಟಿದ್ದರು. ಉದ್ದವಾಯಿತು, ತೆಗೆಯಲೇ ಎಂದು ಬರೆದ ಹುಡುಗಿ ಫೋನಿನಲ್ಲಿ ಕೇಳಿದಳು. ಒಂದು ಸಾಲನ್ನೂ ತೆಗೆಯಬೇಡಮ್ಮ ಎಂದೆ. ಅದು ಹಾಗೇ ಸಲ್ಲಿಕೆಯಾಯಿತು.