ಸತ್ಯಾಂಶ: ಮಂಗಗಳನ್ನು ಓಡಿಸಿದರೆ ಮಂಗನ ಕಾಯಿಲೆ ಹೋಗುತ್ತದೆಯೇ?

“ಮಂಗಗಳನ್ನು ಓಡಿಸಿ, ಮಂಗನ ಕಾಯಿಲೆ ತಾನಾಗಿ ಹೋಗುತ್ತೆ” ಅನ್ನೋ ಮಾತು ಮಲೆನಾಡಿನ ಕಡೆ ಫಾರ್ವರ್ಡ್ ಆಗುತ್ತಿರುತ್ತದೆ. ಇದು ನಿಜವಲ್ಲ. ಈ ಕಾಯಿಲೆ ತರುವ ವೈರಸ್ ಮುಖ್ಯವಾಗಿ ಉಣುಗು (ರಕ್ತ ಹೀರುವ ಸಣ್ಣ ಹುಳು, ಉಣ್ಣೆ) ಕಚ್ಚಿ ಬರುತ್ತದೆ. ಮಂಗಗಳೂ ಅದೇ ಉಣುಗಿನಿಂದ ಕಾಯಿಲೆ ಬಿದ್ದು ಸಾಯುತ್ತವೆ, ಪಾಪ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲ ಊರಿನವರಿಗೂ ಜ್ವರ ಬಂದಾಗ, ಮೊದಲು ಹಳದಿ ಜ್ವರ ಇರಬಹುದೇ ಎಂಬ ಅನುಮಾನವಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನು ಪತ್ತೆ ಮಾಡಿದರು. ಆದರೆ ಅಷ್ಟಕ್ಕೇ ಕಥೆ ಮುಗಿಯಲಿಲ್ಲ ನೋಡಿ. ಅದು ಎಲ್ಲಿಂದ ಬಂತು, ಹೇಗೆ ಹರಡುತ್ತದೆ ಎಂದು ತಿಳಿಯಲು ಉಣುಗು ಬಲ್ಲವರು, ಇಲಿ ಬಲ್ಲವರು, ಕಾಡು ಬಲ್ಲವರು ಎಲ್ಲರೂ ಬೇಕಾಯಿತು. ರಷ್ಯಾದ ಒಂದು ರೋಗದ ವೈರಸ್ಸಿಗೆ ಇದು ಹತ್ತಿರದ್ದು, ಹಾಗಾಗಿ ವಲಸೆ ಹಕ್ಕಿಗಳು ತಂದವೇ ಎಂದು ಹಕ್ಕಿ ತಜ್ಞ ಸಲೀಂ ಅಲಿ ಅವರ ತಂಡವೂ ಹುಡುಕಿತು.

ದನಗಳ ವಿಷಯ ನನಗೆ ಜಾಸ್ತಿ ಮುಖ್ಯ ಅನಿಸುತ್ತದೆ. ಅವುಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದೇ ಉಣುಗು ಮೊಟ್ಟೆಯಿಟ್ಟು ಹೆಚ್ಚುತ್ತದೆ. ಕಾಡು ಕಡಿದು ಊರು ಒಳಗೆ ಹೋದಷ್ಟೂ ಜನ, ದನ, ಉಣುಗು ಹತ್ತಿರವಾದವು. ಇದನ್ನು ಬರೀ ಡಾಕ್ಟರ್ ಪುಸ್ತಕ ಓದಿ ತಿಳಿಯಲು ಆಗುವುದಿಲ್ಲ, ಅಲ್ವಾ? ದರಗು (ಒಣಗಿದ ಎಲೆ), ಸೌದೆ ತರಲು ಕಾಡಿಗೆ ಯಾರು, ಯಾವಾಗ ಹೋಗುತ್ತಾರೆ ಅನ್ನೋದೂ ಗೊತ್ತಿರಬೇಕು.

ಸತ್ತ ಮಂಗದ ಮೈಯಿಂದ ಉಣುಗು ಕೆಳಗೆ ಉದುರುತ್ತದೆ. ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.