ದೊಡ್ಡಪ್ಪನ ಕೈ ಸುಟ್ಟದ್ದು ಪಟಾಕಿಯಿಂದಲ್ಲ

ದೀಪಾವಳಿಗೆ ಬೆಂಗಳೂರಿನಿಂದ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಗೆ ಬಂದಿದ್ದೇನೆ. ನಮ್ಮಲ್ಲಿ ಯಾವತ್ತೂ ಪಟಾಕಿ ಹೊಡೆದಿಲ್ಲ. ದೊಡ್ಡಪ್ಪನ ಎಡಗೈ ಮೊಣಕೈವರೆಗೂ ಸುಟ್ಟಿದೆ, ಚಿಕ್ಕವರಿದ್ದಾಗ ಪಟಾಕಿ ಸಿಡಿದದ್ದು ಅಂತಲೇ ನಾವೆಲ್ಲ ನಂಬಿ ಬೆಳೆದೆವು. ನರಕ ಚತುರ್ದಶಿಯ ಬೆಳಿಗ್ಗೆ ಆ ಕೈಗೆ ಎಣ್ಣೆ ಹಚ್ಚುತ್ತಾ ನನ್ನ ಮಗ ಕೇಳಿದ, "ಯಾವ ಪಟಾಕಿ ಅಜ್ಜ?" ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಪಟಾಕಿ ಅಲ್ಲ ಮಗಾ, ಚಹಾದ ಬಾಯ್ಲರ್."

ಅವಲಕ್ಕಿ ಕಲಸುತ್ತಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ಅಪ್ಪ ಎದ್ದು ಗ್ಯಾಲರಿಗೆ ಹೋದರು.

1971ರಲ್ಲಿ ದೊಡ್ಡಪ್ಪ "ಮುಂಬಯಿಗೆ ಓದಲು ಹೋದ" ಅನ್ನುವುದು ಮನೆಯ ಕಥೆ. ಆಗ ಅವರಿಗೆ 11 ವರ್ಷ. ಅತ್ತೆಯ ಮದುವೆಗೆ ಅಂತ ಹೋಟೆಲಿನ ಯಜಮಾನರಿಂದ ಅಜ್ಜ 200 ರೂಪಾಯಿ ಮುಂಗಡ ತಗೊಂಡಿದ್ದರಂತೆ, ಹುಡುಗನನ್ನು ಉಡುಪಿಯಿಂದ ಬಸ್ಸು ಹತ್ತಿಸಿ ಕಳಿಸಿದರಂತೆ. ಕೊಂಕಣ ರೈಲು ಪೂರ್ತಿ ಶುರುವಾದದ್ದು 1998ರಲ್ಲಿ, ಹಾಗಾಗಿ ಅಮ್ಮನ ನೆನಪಾದರೆ ರೈಲು ಹತ್ತಿ ಓಡಿ ಹೋಗುವ ದಾರಿಯೂ ಇರಲಿಲ್ಲ ಅಂದರು. ಮುಂಬಯಿಯ ಫೋರ್ಟ್ ಪ್ರದೇಶದ ಆ ಹೋಟೆಲಿನಲ್ಲಿ ಹಗಲೆಲ್ಲ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ, ಬಂದು ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದರು. ಹಾಗೇ ಹತ್ತನೇ ಕ್ಲಾಸು ಪಾಸಾದರು, ಗುಮಾಸ್ತರಾದರು, ಆಮೇಲೆ ತಮ್ಮನನ್ನು, ಅಂದರೆ ನನ್ನಪ್ಪನನ್ನು, ಕರೆಸಿಕೊಂಡು ಓದಿಸಿದರು.

ಮುಚ್ಚಿಟ್ಟದ್ದು ಯಾಕೆ? ಹೋಟೆಲ್ ಮಾಣಿ ಅಂತ ಗೊತ್ತಾದರೆ ಮನೆಯ ಹೆಣ್ಣುಮಕ್ಕಳಿಗೆ ಒಳ್ಳೆಯ ಸಂಬಂಧ ಬರಲ್ಲ ಅಂತ. ಇದನ್ನು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಮಗುವನ್ನು ದುಡಿಯಲು ಕಳಿಸಿದ್ದು ದೊಡ್ಡವರು, ನಾಚಿಕೆ ಹೊತ್ತದ್ದು ಮಾತ್ರ ಆ ಮಗು. 14 ವರ್ಷ ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದು ಅಂತ ಸರ್ಕಾರ ನಿಷೇಧ ತಂದದ್ದೇ 2006ರ ಅಕ್ಟೋಬರ್ 10ರಿಂದ. ಅಜ್ಜನ ಬಡತನವೂ ಅರ್ಥವಾಗುತ್ತದೆ, ಅವರನ್ನು ಬೈಯಲು ಬರೆಯುತ್ತಿಲ್ಲ. ಆದರೆ ದೊಡ್ಡಪ್ಪನ ದುಡ್ಡಲ್ಲಿ ಓದಿದವರೆಲ್ಲ ಸೇರಿ, ಅವರ ಬಾಲ್ಯವನ್ನೇ ಇಷ್ಟು ವರ್ಷ ಒಂದು ಪಟಾಕಿಯ ಸುಳ್ಳಿನಲ್ಲಿ ಮುಚ್ಚಿಟ್ಟೆವಲ್ವಾ?

"ಹಬ್ಬದ ದಿನ ಹಳೇದನ್ನು ಯಾಕೆ ಕೆದಕ್ತೀಯಾ" ಅಂತಾರೆ ಅಮ್ಮ. ಇವತ್ತಲ್ಲದೆ ಇನ್ಯಾವತ್ತು? ಎಲ್ಲರೂ ಒಟ್ಟಿಗೆ ಕೂರುವುದೇ ವರ್ಷಕ್ಕೊಮ್ಮೆ, ದೊಡ್ಡಪ್ಪನಿಗೀಗ 65. ಮುಂಬಯಿ ಕನ್ನಡಿಗರ ಎಷ್ಟೋ ಮನೆಗಳು ಇಂಥ ಕೈಗಳ ಮೇಲೆಯೇ ನಿಂತಿವೆ. ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಪಕ್ಕದಲ್ಲಿ ಕೂತು ಕೇಳಿ.

ಅಪ್ಪ ಇನ್ನೂ ಸರಿಯಾಗಿ ಮಾತಾಡಿಲ್ಲ. ಆ ರಾತ್ರಿ ಶಾಲೆಯಿದ್ದ ಗಲ್ಲಿ ತೋರಿಸ್ತೀನಿ ಅಂತ ದೊಡ್ಡಪ್ಪ ನಾಳೆ ನನ್ನ ಮಗನನ್ನು ಫೋರ್ಟಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಅಪ್ಪನನ್ನೂ ಬನ್ನಿ ಅಂತ ಕರೆದಿದ್ದೇನೆ.